ದೂರದ ಕ್ಲೈಂಟ್, ಅರ್ಧ ಹೇಳಿದ ರಿಕ್ವೈರ್‌ಮೆಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕೂತು ಹೊರದೇಶದವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಟೀಮ್‌ಗಳಲ್ಲಿ ಬಿಸಿನೆಸ್ ಅನಲಿಸ್ಟ್ ಆಗಿ, ಅಂದರೆ ಕ್ಲೈಂಟ್‌ಗೆ ಏನು ಬೇಕು (ಅದೇ ರಿಕ್ವೈರ್‌ಮೆಂಟ್) ಅಂತ ಕೇಳಿ ಬರೆದುಕೊಡುವವಳಾಗಿ, ಬಹಳ ವರ್ಷ ಕಳೆದಿದ್ದೇನೆ. ಜೂನಿಯರ್‌ಗಳು ಊಟದ ಹೊತ್ತಿನಲ್ಲಿ, ಗೆಳೆಯರು ಪತ್ರದಲ್ಲಿ, ನೆಂಟರ ಮಕ್ಕಳು ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಯಾವ ಕಡೆಯಿಂದ ಬೇಕಾದರೂ ಓದಿ.

## ಬುಡದಿಂದ

ಮೇಡಂ, ರಿಕ್ವೈರ್‌ಮೆಂಟ್ ರಿಸ್ಕ್ ಅಂದ್ರೆ ಏನು? ಪ್ರಾಜೆಕ್ಟ್ ರಿಸ್ಕ್ ಅಂದ್ರೂ ಅದೇ ಅಲ್ವಾ?

ಪ್ರಾಜೆಕ್ಟ್ ರಿಸ್ಕ್ ದೊಡ್ಡ ಚೀಲ. ಜನ ಕೆಲಸ ಬಿಟ್ಟು ಹೋಗುವುದು, ಸರ್ವರ್ ಬೀಳುವುದು, ದುಡ್ಡು ಮುಗಿಯುವುದು ಎಲ್ಲ ಅದರೊಳಗೆ ಬರುತ್ತವೆ. ರಿಕ್ವೈರ್‌ಮೆಂಟ್ ರಿಸ್ಕ್ ಅಂದರೆ ಏನು ಮಾಡಬೇಕು ಅನ್ನುವುದೇ ತಪ್ಪಾಗುವ ಸಾಧ್ಯತೆ. ಅವರು ಹೇಳಿದ್ದು ಒಂದು, ನಮಗೆ ಅರ್ಥವಾದದ್ದು ಇನ್ನೊಂದು. ಅಥವಾ ಕೇಳಬೇಕಾದದ್ದನ್ನು ಯಾರೂ ಕೇಳಲೇ ಇಲ್ಲ. ಅಥವಾ ಕೇಳಿದ್ದು ಸರಿಯಾಗಿಯೇ ಇತ್ತು, ಮೂರು ತಿಂಗಳಲ್ಲಿ ಬದಲಾಯಿತು, ನಮಗೆ ಮಾತ್ರ ಸುದ್ದಿ ಬರಲಿಲ್ಲ.

ಕೋಡ್‌ನಲ್ಲಿ ಬಗ್ ಇದ್ದರೆ ಟೆಸ್ಟರ್ ಹಿಡಿಯುತ್ತಾರೆ. ಇದನ್ನು ಟೆಸ್ಟರ್ ಕೂಡ ಹಿಡಿಯುವುದು ಕಷ್ಟ, ಯಾಕೆಂದರೆ ಅವರು ಟೆಸ್ಟ್ ಬರೆಯುವುದೂ ಅದೇ ತಪ್ಪು ಕಾಗದ ನೋಡಿಕೊಂಡು. ಎಲ್ಲ ಕಡೆ ಹಸಿರು ಟಿಕ್ ಬಿದ್ದಿರುತ್ತದೆ, ಕ್ಲೈಂಟ್ ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾರೆ.

ಒಂದೇ ಆಫೀಸಿನಲ್ಲಿ ಕೂತು ಮಾಡಿದರೂ ಇದೇ ಗೋಳು ಇರುತ್ತೆ. ಸುಮ್ನೆ ದೂರಕ್ಕೆ ಯಾಕೆ ಬೈಯೋದು?

ಗೋಳು ಅದೇ. ಅದು ಬಯಲಿಗೆ ಬರುವ ಹೊತ್ತು ಬೇರೆ. ಪಕ್ಕದಲ್ಲಿ ಕೂತವರು ತಪ್ಪು ತಿಳಿದುಕೊಂಡಿದ್ದರೆ ಟೀ ಕುಡಿಯುವಾಗಲೇ ಗೊತ್ತಾಗಿಬಿಡುತ್ತದೆ. ‘ಅಯ್ಯೋ, ಅದು ಹಾಗಲ್ಲ ಮಾರಾಯ’ ಅಂದರೆ ಮುಗಿಯಿತು. ದೂರ ಇದ್ದಾಗ ಈ ‘ಅಯ್ಯೋ’ ಕೇಳುವುದು ಡೆಮೊ ದಿನ, ಅಂದರೆ ಮಾಡಿದ್ದನ್ನು ಕ್ಲೈಂಟ್‌ಗೆ ತೋರಿಸುವ ದಿನ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಆಲನ್ 1970ರ ದಶಕದಲ್ಲೇ ಎಂಜಿನಿಯರ್‌ಗಳ ಮೇಜುಗಳ ನಡುವಿನ ದೂರಕ್ಕೂ ಅವರ ಮಾತುಕತೆಗೂ ತಾಳೆ ಹಾಕಿ ನೋಡಿದ್ದರು. ದೂರ ಹೆಚ್ಚಿದ ಹಾಗೆ ಮಾತು ಸರ್ರನೆ ಇಳಿಯುತ್ತದೆ. ಸುಮಾರು 50 ಮೀಟರ್ ದಾಟಿದರೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅಂದರೆ ಒಂದೇ ಟೆಕ್ ಪಾರ್ಕಿನ ಎರಡು ಬ್ಲಾಕ್ ಕೂಡ ‘ದೂರ’ವೇ! ಆಮೇಲೆ 2003ರಲ್ಲಿ ಹರ್ಬ್ಸ್‌ಲೆಬ್ ಮತ್ತು ಮೋಕಸ್ ಎಂಬ ಇಬ್ಬರು ಸಂಶೋಧಕರು ತೋರಿಸಿದ್ದು ಏನೆಂದರೆ, ಹಲವು ಊರುಗಳಿಗೆ ಹಂಚಿಹೋದ ಕೆಲಸಕ್ಕೆ ಅದೇ ತರಹದ ಒಂದೇ ಊರಿನ ಕೆಲಸಕ್ಕಿಂತ ಸುಮಾರು ಎರಡೂವರೆ ಪಟ್ಟು ಸಮಯ ಹಿಡಿಯುತ್ತದೆ. ಕೋಡ್ ಬರೆಯುವವರು ನಿಧಾನ ಅಂತಲ್ಲ. ಊರು ಜಾಸ್ತಿಯಾದ ಹಾಗೆ ಒಂದು ಕೆಲಸಕ್ಕೆ ಕೈ ಹಾಕುವ ಜನವೂ ಜಾಸ್ತಿಯಾಗುತ್ತಾರೆ.

ಬೆಂಗಳೂರಿಗೆ ಇದು ಹೊಸದೂ ಅಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದು ಉಪಗ್ರಹ ಸಂಪರ್ಕ ಇಟ್ಟುಕೊಂಡು ಅಮೆರಿಕದ ಜೊತೆ ಕೆಲಸ ಶುರು ಮಾಡಿತು. ಲೈನು ಅಂದಿಗಿಂತ ಸಾವಿರ ಪಾಲು ಚೆನ್ನಾಗಿದೆ. ಆ ‘ಅಯ್ಯೋ’ ಮಾತ್ರ ಇವತ್ತಿಗೂ ತಡವಾಗಿಯೇ ಬರುತ್ತದೆ.

ದೊಡ್ಡ ದೊಡ್ಡವರೂ ಇದರಲ್ಲಿ ಮುಗ್ಗರಿಸಿದ್ದಾರಾ, ಅಥವಾ ನಮ್ಮಂಥವರ ಪಾಡು ಮಾತ್ರನಾ?

ನಾಸಾ ಸಾಕಾ? ಮಂಗಳ ಗ್ರಹಕ್ಕೆ ಕಳಿಸಿದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ನೌಕೆ ಕಟ್ಟಿದ್ದು ಡೆನ್ವರ್ ಕಡೆಯ ಲಾಕ್‌ಹೀಡ್ ಮಾರ್ಟಿನ್. ದಾರಿ ಲೆಕ್ಕ ಹಾಕುತ್ತಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿರುವ ನಾಸಾದ ಪ್ರಯೋಗಾಲಯ ಜೆಪಿಎಲ್. ಡೆನ್ವರ್‌ನವರ ಸಾಫ್ಟ್‌ವೇರ್ ಒಂದು ಫೈಲ್ ಕೊಡುತ್ತಿತ್ತು, ಅದರಲ್ಲಿ ಸಣ್ಣ ರಾಕೆಟ್‌ಗಳು ನೌಕೆಯನ್ನು ಎಷ್ಟು ತಳ್ಳಿದವು ಅನ್ನುವ ಲೆಕ್ಕ. ಅದು ಪೌಂಡ್ ಲೆಕ್ಕದಲ್ಲಿತ್ತು. ಜೆಪಿಎಲ್‌ನವರು ಅದನ್ನು ನ್ಯೂಟನ್ ಅನ್ನುವ ಮೆಟ್ರಿಕ್ ಅಳತೆ ಅಂದುಕೊಂಡು ಓದಿದರು. ವ್ಯತ್ಯಾಸ 4.45 ಪಟ್ಟು. ನೌಕೆ ಮಂಗಳದ ಮೇಲ್ಮೈಯಿಂದ 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿತ್ತು, 57 ಕಿ.ಮೀ.ಗೆ ಇಳಿದುಬಿಟ್ಟಿತ್ತು.

ಈಗ ಮುಖ್ಯ ವಿಷಯ. ನ್ಯೂಟನ್‌ನಲ್ಲೇ ಕೊಡಬೇಕು ಅಂತ ಇಂಟರ್‌ಫೇಸ್ ದಾಖಲೆಯಲ್ಲಿ, ಅಂದರೆ ಇಬ್ಬರ ನಡುವೆ ಹೋಗುವ ಫೈಲು ಹೇಗಿರಬೇಕು ಅನ್ನುವ ಕಾಗದದಲ್ಲಿ, ಬರೆದೇ ಇತ್ತು! ಬರೆದದ್ದಕ್ಕೂ ಬಂದ ಫೈಲಿಗೂ ಯಾರೂ ತಾಳೆ ನೋಡಲಿಲ್ಲ. ಲೆಕ್ಕ ಹೊಂದುತ್ತಿಲ್ಲ ಅಂತ ದಾರಿಯಲ್ಲೇ ಕೆಲವರಿಗೆ ಅನುಮಾನ ಬಂದಿತ್ತು. ಅದು ಇಮೇಲ್‌ಗಳಲ್ಲಿ ಓಡಾಡಿತೇ ಹೊರತು ಅಧಿಕೃತ ದೂರಾಗಿ ದಾಖಲಾಗಿ ಬಗೆಹರಿಯಲಿಲ್ಲ. ಇಬ್ಬರೂ ಒಂದೇ ದೇಶದವರು, ಒಂದೇ ಭಾಷೆಯವರು, ಗಡಿಯಾರದಲ್ಲಿ ಒಂದೇ ಗಂಟೆ ವ್ಯತ್ಯಾಸ. ಇನ್ನು ನಮ್ಮದು ಕೇಳಬೇಕಾ.

## ದಿನನಿತ್ಯದ ಗೋಜಲು

ಕಾಲ್‌ನಲ್ಲಿ ಎಲ್ಲಾ ಅರ್ಥ ಆಯ್ತು ಅಂತ ನಾವೂ ಹೇಳಿದ್ವಿ, ಅವರೂ ಹೇಳಿದ್ರು. ಡೆಮೊ ದಿನ ‘ಇದು ನಾವು ಕೇಳಿದ್ದಲ್ಲ’ ಅಂದ್ರು. ತಪ್ಪು ಯಾರದು?

ತಪ್ಪು ‘ಆಯ್ತು’ ಅನ್ನುವ ಪದದ್ದು. ಅರ್ಧ ತಮಾಷೆ, ಅರ್ಧ ನಿಜ. ನಮ್ಮ ‘ಆಯ್ತು’ಗೆ ಎಷ್ಟು ಅರ್ಥ ನೋಡಿ. ಕೆಲಸ ಮುಗಿಯಿತು ಅಂತಲೂ ಹೌದು, ಸರಿ ಮಾಡೋಣ ಅಂತಲೂ ಹೌದು, ನೀವು ಹೇಳಿದ್ದು ಕಿವಿಗೆ ಬಿತ್ತು ಅಂತಲೂ ಹೌದು, ಇನ್ನು ಫೋನ್ ಇಡಿ ಅಂತಲೂ ಹೌದು. ‘ಮಾಡ್ತೀನಿ’ ಅಂದರೆ ದಿನಾ ಮಾಡುತ್ತೇನೆ ಅಂತಲೂ ಆಗುತ್ತದೆ, ಮುಂದೆ ಮಾಡುತ್ತೇನೆ ಅಂತಲೂ ಆಗುತ್ತದೆ. ‘ನೋಡೋಣ’ ಅಂದರೆ ಮುಕ್ಕಾಲು ಪಾಲು ಆಗಲ್ಲ ಅಂತಲೇ. ಇದೆಲ್ಲ ನಮಗೆ ದನಿಯಲ್ಲೇ ಗೊತ್ತಾಗುತ್ತದೆ. ನಾವು ಇಂಗ್ಲಿಷ್‌ನಲ್ಲಿ ‘ಎಸ್ ಎಸ್’ ಅಂದಾಗಲೂ ಒಳಗೆ ಓಡುತ್ತಿರುವುದು ಇದೇ ಆಯ್ತು. ಆ ಕಡೆಯವರು ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳುತ್ತಾರೆ.

ನಾನು ಮಾಡುವುದು ಇಷ್ಟೇ. ಕಾಲ್ ಮುಗಿಯುವ ಮುಂಚೆ ಐದು ನಿಮಿಷ ಹಿಡಿದಿಟ್ಟುಕೊಂಡು, ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಅದೂ ಒಂದು ಉದಾಹರಣೆ ಹಾಕಿ. ‘ಅಂದ್ರೆ, ಗ್ರಾಹಕರು ಎರಡು ಶರ್ಟ್ ಕೊಂಡು ಒಂದನ್ನು ವಾಪಸ್ ಮಾಡಿದರೆ ಡೆಲಿವರಿ ದುಡ್ಡು ವಾಪಸ್ ಕೊಡೋದಿಲ್ಲ, ಸರಿನಾ?’ ಇಂಥ ಒಂದು ಪ್ರಶ್ನೆಗೆ ಆ ಕಡೆ ಮೂವರು ಇದ್ದರೆ ಮೂರು ಉತ್ತರ ಬಂದ ದಿನಗಳನ್ನೂ ನೋಡಿದ್ದೇನೆ. ಆಗ ಖುಷಿಪಡಿ. ಆ ಜಗಳ ಡೆಮೊ ದಿನ ನಿಮ್ಮ ತಲೆ ಮೇಲೆ ಬೀಳುವುದು ತಪ್ಪಿತು.

ನಮ್ಮ ಇಂಗ್ಲಿಷ್ ಸರಿ ಇಲ್ಲ ಅಂತಾನೇ ಇದೆಲ್ಲಾ ಆಗೋದಾ?

ಇಲ್ಲ, ಇಂಗ್ಲಿಷ್ ತಾಯ್ನುಡಿ ಆದವರೇ ಒಬ್ಬರನ್ನೊಬ್ಬರು ತಪ್ಪು ತಿಳಿಯುತ್ತಾರೆ. ಮೀಟಿಂಗ್‌ನಲ್ಲಿ ಒಂದು ವಿಷಯ ‘ಟೇಬಲ್’ ಮಾಡೋಣ ಅಂದರೆ ಬ್ರಿಟಿಷರಿಗೆ ಈಗಲೇ ಚರ್ಚೆಗೆ ತಗೊಳ್ಳೋಣ ಅಂತ, ಅಮೆರಿಕದವರಿಗೆ ಸದ್ಯಕ್ಕೆ ಬದಿಗಿಡೋಣ ಅಂತ. ‘ಬೈವೀಕ್ಲಿ’ ಅಂದರೆ ವಾರಕ್ಕೆ ಎರಡು ಸಲವೋ ಎರಡು ವಾರಕ್ಕೆ ಒಂದು ಸಲವೋ, ಅವರಿಗೇ ಗೊತ್ತಿಲ್ಲ. ‘ಫಸ್ಟ್ ಫ್ಲೋರ್’ ಅಮೆರಿಕದಲ್ಲಿ ನೆಲಮಹಡಿ, ನಮಗೆ ಒಂದು ಮಹಡಿ ಹತ್ತಿದ ಮೇಲೆ.

ನಮ್ಮ ಕಡೆಯಿಂದ ಜಾಸ್ತಿ ಪೆಟ್ಟು ಕೊಡುವುದು ‘ಡೌಟ್’. ನಾವು ‘ಐ ಹ್ಯಾವ್ ಎ ಡೌಟ್’ ಅಂದರೆ ಒಂದು ಪ್ರಶ್ನೆ ಇದೆ ಅಂತ ಅಷ್ಟೇ. ಅವರಿಗೆ ಅದು ‘ನಿಮ್ಮ ಮಾತಿನ ಮೇಲೆ ನಂಬಿಕೆ ಇಲ್ಲ’ ಅನ್ನುವ ಹಾಗೆ ಕೇಳಿಸುತ್ತದೆ. ‘ಕ್ವೆಶ್ಚನ್’ ಅನ್ನಿ, ಸಾಕು. ‘ಇಓಡಿ’ (ಎಂಡ್ ಆಫ್ ಡೇ) ಅನ್ನುವುದನ್ನು ನಿಮ್ಮ ಟೀಮ್‌ನಿಂದ ಓಡಿಸಿ. ಯಾರ ದಿನದ ಕೊನೆ? ಊರಿನ ಹೆಸರು ಹಾಕಿ ಗಂಟೆ ಬರೆಯಿರಿ.

ಟೈಮ್ ಜೋನ್ ವ್ಯತ್ಯಾಸ ಅಂದ್ರೆ ರಾತ್ರಿ ಕಾಲ್ ಅಷ್ಟೇ ತಾನೇ? ಅದಕ್ಕೂ ರಿಕ್ವೈರ್‌ಮೆಂಟ್‌ಗೂ ಏನು ಸಂಬಂಧ?

ನಿದ್ದೆ ಹೋಗುವುದು ಒಂದು ಕಡೆ ಇರಲಿ. ಚಳಿಗಾಲದಲ್ಲಿ ನ್ಯೂಯಾರ್ಕ್‌ನ ಬೆಳಗ್ಗೆ 9 ನಮಗೆ ಸಂಜೆ 7.30, ಕ್ಯಾಲಿಫೋರ್ನಿಯಾದ ಬೆಳಗ್ಗೆ 9 ನಮಗೆ ರಾತ್ರಿ 10.30. ನಿಮಗೆ ಬೆಳಗ್ಗೆ ಹನ್ನೊಂದಕ್ಕೆ ಒಂದು ಪ್ರಶ್ನೆ ಹುಟ್ಟಿತು. ಉತ್ತರ ಬರುವುದು ರಾತ್ರಿ, ನೀವು ನೋಡುವುದು ಮಾರನೇ ದಿನ. ಉತ್ತರದೊಳಗೆ ಇನ್ನೊಂದು ಪ್ರಶ್ನೆ ಇದ್ದರೆ ಮೂರನೇ ದಿನ. ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಇರುವುದೇ ಹತ್ತು ದಿನ. ಹಾಗಾಗಿ ಮನುಷ್ಯ ಸಹಜವಾಗಿ ಏನು ಮಾಡುತ್ತಾನೆ? ‘ಹೀಗೇ ಇರಬೇಕು ಬಿಡು’ ಅಂತ ಊಹೆ ಮಾಡಿ ಮುಂದೆ ಹೋಗುತ್ತಾನೆ. ರಿಸ್ಕ್ ಹುಟ್ಟುವುದು ಅಲ್ಲಿ.

ಊಹೆ ಮಾಡಬೇಡಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಕೆಲಸ ನಿಲ್ಲುತ್ತದೆ. ಊಹೆಯನ್ನು ಬರೆದಿಡಿ. ‘ನಾವು ಹೀಗೆ ಅಂದುಕೊಂಡು ಮುಂದುವರಿಯುತ್ತಿದ್ದೇವೆ, ತಪ್ಪಿದ್ದರೆ ಗುರುವಾರದೊಳಗೆ ತಿಳಿಸಿ, ಆಮೇಲೆ ಬದಲಿಸಲು ಎರಡು ದಿನ ಹಿಡಿಯುತ್ತದೆ’ ಅಂತ ಸ್ಟೋರಿಯಲ್ಲೇ (ಒಂದೊಂದು ಕೆಲಸವನ್ನು ವಿವರಿಸುವ ಚಿಕ್ಕ ಬರಹ) ಹಾಕಿ. ಬರೆದ ಊಹೆಯನ್ನು ಯಾರಾದರೂ ತಿದ್ದಬಹುದು.

ಜೊತೆಗೆ ಒಂದು ಸಣ್ಣ ಎಚ್ಚರ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ, ಯುರೋಪಿನಲ್ಲಿ ಮಾರ್ಚ್‌ನ ಕೊನೇ ಭಾನುವಾರ. ಹಿಂದಕ್ಕೆ ಬರುವುದು ಯುರೋಪಿನಲ್ಲಿ ಅಕ್ಟೋಬರ್ ಕೊನೇ ಭಾನುವಾರ, ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ. ಮಧ್ಯದ ಆ ವಾರಗಳಲ್ಲಿ ಮೂರು ದೇಶದ ಕಾಲ್‌ಗೆ ಯಾರಾದರೂ ಒಬ್ಬರು ತಪ್ಪಿಸಿಕೊಂಡೇ ಇರುತ್ತಾರೆ. ಆ ಕಾಲ್‌ನಲ್ಲೇ ಏನೋ ತೀರ್ಮಾನ ಆಗಿರುತ್ತದೆ. ರಜೆಗಳೂ ಹಾಗೇ. ರಾಜ್ಯೋತ್ಸವ, ದೀಪಾವಳಿ ಅವರ ಕ್ಯಾಲೆಂಡರ್‌ನಲ್ಲಿಲ್ಲ. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ನಮ್ಮದರಲ್ಲಿಲ್ಲ. ಜನವರಿಯಲ್ಲೇ ಎರಡನ್ನೂ ಒಂದೇ ಹಾಳೆಗೆ ತನ್ನಿ.

ದಿನಾಂಕ, ಹೆಸರು, ದುಡ್ಡು ಇಂಥ ಸಣ್ಣಪುಟ್ಟದ್ದನ್ನೂ ರಿಕ್ವೈರ್‌ಮೆಂಟ್‌ನಲ್ಲಿ ಬರೀಬೇಕಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ?

ಎಲ್ಲರಿಗೂ ಗೊತ್ತಿರುವುದೇ. ಆದರೆ ಬೇರೆ ಬೇರೆ ಥರ ಗೊತ್ತಿದೆ! 03/04 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ತಿಂಗಳ 13ನೇ ತಾರೀಕಿನ ತನಕ ಈ ತಪ್ಪು ಕಣ್ಣಿಗೇ ಬೀಳದೆ ಇರಬಹುದು. ಜರ್ಮನಿಯವರು 1.234,56 ಅಂತ ಬರೆಯುತ್ತಾರೆ, ಚುಕ್ಕಿ ಮತ್ತು ಅಲ್ಪವಿರಾಮ ನಮಗೆ ಉಲ್ಟಾ. ನಮ್ಮ ಲಕ್ಷ ಕೋಟಿಯ ಅಲ್ಪವಿರಾಮ ಬೀಳುವ ಜಾಗ ಅವರಿಗೆ ವಿಚಿತ್ರ. ನಮ್ಮ ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಅಮೆರಿಕದಲ್ಲಿ ವಾರ ಭಾನುವಾರ ಶುರು, ಯುರೋಪಿನ ಬಹುತೇಕ ಕಡೆ ಸೋಮವಾರ. ‘ವಾರದ ರಿಪೋರ್ಟ್’ ಅಂದರೆ ಯಾವ ವಾರ?

ಹೆಸರಿನದ್ದು ನನ್ನ ಖಾಸಗಿ ಸಿಟ್ಟು. ‘ಲಾಸ್ಟ್ ನೇಮ್ ಕಡ್ಡಾಯ, ಕನಿಷ್ಠ ಎರಡು ಅಕ್ಷರ’ ಅಂತ ಎಲ್ಲೋ ಕೂತು ಒಬ್ಬರು ಬರೆದಿರುತ್ತಾರೆ. ಇಲ್ಲಿ ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಹೊತ್ತ ಲಕ್ಷಾಂತರ ಜನಕ್ಕೆ ಲಾಸ್ಟ್ ನೇಮೇ ಇಲ್ಲ. ಒಂದೇ ಅಕ್ಷರ ಹಾಕಿದರೆ ಕೆಂಪು ಗೆರೆ. ವಿಚಿತ್ರ ಏನು ಗೊತ್ತಾ? ಆ ಫಾರ್ಮ್ ಕೋಡ್ ಮಾಡಿದವರೂ, ಟೆಸ್ಟ್ ಮಾಡಿದವರೂ ಇದೇ ಇನಿಷಿಯಲ್ ಹೊತ್ತ ನಮ್ಮವರೇ ಆಗಿರುತ್ತಾರೆ. ಯಾರೂ ಬಾಯಿ ಬಿಟ್ಟಿರುವುದಿಲ್ಲ.

ಆನ್‌ಸೈಟ್ ಕೋಆರ್ಡಿನೇಟರ್ ಒಬ್ಬರು ಅಲ್ಲೇ ಇದ್ದಾರಲ್ಲ, ಸಾಕಲ್ವಾ?

ಕ್ಲೈಂಟ್ ಆಫೀಸಿನಲ್ಲೇ ಕೂತು ಇಲ್ಲಿನ ಟೀಮ್‌ಗೆ ಸುದ್ದಿ ಮುಟ್ಟಿಸುವ ಆ ಕುರ್ಚಿಯಲ್ಲಿ ನಾನೇ ಒಮ್ಮೆ ಇದ್ದೆ, ಅದಕ್ಕೇ ಹೇಳುತ್ತೇನೆ, ಸಾಲದು. ಅಂಗಡಿ ವ್ಯಾಪಾರದ ಒಂದು ಕಂಪನಿ. ‘ಆಕ್ಟಿವ್ ಕಸ್ಟಮರ್‌ಗಳಿಗೆ ಮಾತ್ರ ಆಫರ್ ಹೋಗಬೇಕು’ ಅಂತ ರಿಕ್ವೈರ್‌ಮೆಂಟ್. ಅವರ ಭಾಷೆಯಲ್ಲಿ ಆಕ್ಟಿವ್ ಅಂದರೆ ಕಳೆದ 13 ತಿಂಗಳಲ್ಲಿ ಏನಾದರೂ ಕೊಂಡವರು. ಹಬ್ಬಕ್ಕೆ ಮಾತ್ರ ಕೊಳ್ಳುವವರು ಬಿಟ್ಟುಹೋಗಬಾರದು ಅಂತ ಹನ್ನೆರಡಲ್ಲ, ಹದಿಮೂರು. ಅಲ್ಲಿ ಎಲ್ಲರಿಗೂ ಗೊತ್ತು, ಎರಡನೇ ವಾರದಲ್ಲಿ ನನಗೂ ಗೊತ್ತಾಯಿತು. ಎಷ್ಟು ಚೆನ್ನಾಗಿ ಗೊತ್ತಾಯಿತು ಅಂದರೆ ಬರೆಯಬೇಕು ಅಂತ ಅನ್ನಿಸಲೇ ಇಲ್ಲ. ಬೆಂಗಳೂರಿನ ಟೀಮ್ ಡೇಟಾಬೇಸ್ ನೋಡಿತು, ಅಲ್ಲಿ ‘ಆಕ್ಟಿವ್’ ಅಂತ ಒಂದು ಕಾಲಂ ಇತ್ತು, ಅಕೌಂಟ್ ಮುಚ್ಚದೆ ಇರುವವರೆಲ್ಲ ಅದರಲ್ಲಿದ್ದರು. ಅದನ್ನೇ ಬಳಸಿದರು. ಅವರ ತಪ್ಪೇನೂ ಇಲ್ಲ. ಎಷ್ಟೋ ವರ್ಷದಿಂದ ಆ ಅಂಗಡಿ ಕಡೆ ತಲೆ ಹಾಕದವರಿಗೆಲ್ಲ ಆಫರ್ ಹೋಯಿತು. ತೀರಿಕೊಂಡವರ ಮನೆಗೂ ಹೋಗಿ, ಒಂದೆರಡು ಕಡೆಯಿಂದ ಬೈಗುಳವೂ ಬಂತು.

ಆನ್‌ಸೈಟ್‌ನಲ್ಲಿ ಇರುವವರು ನಿಧಾನಕ್ಕೆ ಆ ಮನೆಯವರೇ ಆಗಿಬಿಡುತ್ತಾರೆ. ಹೊರಗಿನವರಿಗೆ ಏನು ಗೊತ್ತಿಲ್ಲ ಅನ್ನುವುದೇ ಮರೆತುಹೋಗುತ್ತದೆ. ಈಗ ನಾನು ಆನ್‌ಸೈಟ್ ಹೋಗುವವರಿಗೆ ಹೇಳುವುದು ಒಂದೇ. ಮೊದಲ ತಿಂಗಳು ನಿಮಗೆ ಆಶ್ಚರ್ಯ ಅನಿಸಿದ್ದನ್ನೆಲ್ಲ ಪದಕೋಶದಲ್ಲಿ ಬರೆಯಿರಿ, ಎರಡನೇ ತಿಂಗಳಿಂದ ಆಶ್ಚರ್ಯವೇ ಆಗುವುದಿಲ್ಲ. ಇನ್ನೊಂದು, ವಾರಕ್ಕೆ ಒಂದು ಸಲವಾದರೂ ಡೆವಲಪರ್‌ಗಳೇ ನೇರವಾಗಿ ಕ್ಲೈಂಟ್ ಜೊತೆ ಮಾತಾಡಲಿ. ಎಲ್ಲ ಒಬ್ಬರ ಬಾಯಿಂದಲೇ ಬಂದರೆ ಅವರು ಮರೆತದ್ದು ಎಲ್ಲರೂ ಮರೆತ ಹಾಗೆ.

## ಬರೆಯುವ ಕೆಲಸ

ಅಜೈಲ್‌ನಲ್ಲಿ ಯೂಸರ್ ಸ್ಟೋರಿ ಎರಡು ಸಾಲು ಸಾಕು ಅಂತಾರೆ. ನೀವು ನೋಡಿದ್ರೆ ಬರೀರಿ ಬರೀರಿ ಅಂತೀರಿ?

ಅಜೈಲ್ ಅಂದರೆ ಸಣ್ಣ ಸಣ್ಣ ಸುತ್ತುಗಳಲ್ಲಿ ಕೆಲಸ ಮಾಡುವ ರೀತಿ. ಅದರ ಎರಡು ಸಾಲಿನ ಸ್ಟೋರಿ ಕಾರ್ಡ್ ಅನ್ನುವುದು ‘ಇದರ ಬಗ್ಗೆ ಆಮೇಲೆ ಕೂತು ಮಾತಾಡೋಣ’ ಅನ್ನುವ ಚೀಟಿ. ಗ್ರಾಹಕರು ಅದೇ ಕೋಣೆಯಲ್ಲಿ ಕೂತಿರುತ್ತಾರೆ ಅನ್ನುವ ಲೆಕ್ಕದಲ್ಲಿ ಹುಟ್ಟಿದ್ದು. ಮಾತಾಡುವ ಅವಕಾಶ ಕಡಿಮೆಯಾದಷ್ಟೂ ಚೀಟಿ ದೊಡ್ಡದಾಗಬೇಕು, ಅಷ್ಟೇ. ಹಾಗಂತ ಇನ್ನೂರು ಪುಟದ ದಾಖಲೆ ಬೇಡ, ಅದನ್ನು ಯಾರೂ ಓದುವುದಿಲ್ಲ, ಒಪ್ಪಿಗೆಯ ಸೈನ್‌ಆಫ್ ಮಾಡುವವರಂತೂ ಮೊದಲೇ ಓದುವುದಿಲ್ಲ. ಪ್ರತಿ ಸ್ಟೋರಿಗೆ ಮೂರು ನಾಲ್ಕು ಉದಾಹರಣೆ ಹಾಕಿ, ನಿಜವಾದ ಅಂಕಿಗಳ ಸಮೇತ. ಒಂದು ಸಲೀಸಾದದ್ದು, ಒಂದು ಅಂಚಿನದು, ಒಂದು ತಿರಸ್ಕಾರ ಆಗಬೇಕಾದದ್ದು. ಉದಾಹರಣೆಯನ್ನು ಜರ್ಮನಿಯವರೂ ಹುಬ್ಬಳ್ಳಿಯವರೂ ಒಂದೇ ಥರ ಓದುತ್ತಾರೆ.

ಒಂದು ರಿಕ್ವೈರ್‌ಮೆಂಟ್ ವಾಕ್ಯ ಹೇಗಿರಬೇಕು ಅಂತ ತೋರಿಸಿ, ಥಿಯರಿ ಬೇಡ.

ಬಂದದ್ದು: ‘ಆರ್ಡರ್ ರದ್ದಾದರೆ ದುಡ್ಡು ಬೇಗ ವಾಪಸ್ ಹೋಗಬೇಕು.’

ತಿದ್ದಿದ್ದು: ‘ಪ್ಯಾಕ್ ಆಗುವ ಮೊದಲು ಗ್ರಾಹಕರು ಆರ್ಡರ್ ರದ್ದು ಮಾಡಿದಾಗ, ಸಿಸ್ಟಮ್ 15 ನಿಮಿಷದೊಳಗೆ ಪೂರ್ತಿ ಮೊತ್ತದ ರೀಫಂಡ್ ಕೋರಿಕೆಯನ್ನು ಬ್ಯಾಂಕಿಗೆ ಕಳಿಸಬೇಕು.’

ಯಾವಾಗ, ಯಾರು, ಏನು, ಎಷ್ಟರೊಳಗೆ. ತಿದ್ದುವಾಗ ತಾನಾಗೇ ಪ್ರಶ್ನೆ ಏಳುತ್ತವೆ. ಪ್ಯಾಕ್ ಆದ ಮೇಲೆ ರದ್ದು ಮಾಡಿದರೆ? ಅಂಗಡಿಯವರೇ ರದ್ದು ಮಾಡಿದರೆ? ಕೂಪನ್ ಬಳಸಿದ್ದರೆ? ಈ ಬಗೆಯ ಅಚ್ಚಿಗೆ ‘ಇಯರ್ಸ್’ ಅಂತ ಹೆಸರು. ರೋಲ್ಸ್ ರಾಯ್ಸ್‌ನಲ್ಲಿದ್ದ ಅಲಿಸ್ಟರ್ ಮ್ಯಾವಿನ್ ಮತ್ತು ಜೊತೆಗಾರರು ವಿಮಾನದ ಎಂಜಿನ್ ಕೆಲಸಕ್ಕೆ ಅಂತ ರೂಪಿಸಿ 2009ರಲ್ಲಿ ಹೊರತಂದರು. ಇಂಗ್ಲಿಷ್ ತಾಯ್ನುಡಿ ಅಲ್ಲದವರಿಗೆ ಇದು ತುಂಬಾ ಸಲೀಸು, ಖಾಲಿ ಜಾಗ ತುಂಬಿದ ಹಾಗೆ.

‘ಮಸ್ಟ್’, ‘ಶುಡ್’, ‘ಮೇ’ ಇವುಗಳ ತೂಕವನ್ನೂ ಮೊದಲೇ ತೀರ್ಮಾನಿಸಿ. ಇಂಟರ್ನೆಟ್ ಮಾನದಂಡ ಬರೆಯುವವರು 1997ರಲ್ಲೇ ಆರ್‌ಎಫ್‌ಸಿ 2119 ಅಂತ ಇದಕ್ಕೆಂದೇ ಒಂದು ಪುಟ್ಟ ದಾಖಲೆ ಮಾಡಿಕೊಂಡರು. ನಾವು ‘ಶುಡ್’ ಅನ್ನುವುದನ್ನು ಮರ್ಯಾದೆಯ ‘ಮಸ್ಟ್’ ಅಂತ ಓದುತ್ತೇವೆ, ಅವರು ‘ಹಾಗಾದರೆ ಒಳ್ಳೇದು’ ಅನ್ನುವ ಅರ್ಥದಲ್ಲಿ ಬರೆದಿರುತ್ತಾರೆ.

ಯಾವ ಟೂಲ್ ಒಳ್ಳೇದು? ಜಿರಾನಾ, ಡೋರ್ಸಾ?

ಎರಡೂ ರಿಕ್ವೈರ್‌ಮೆಂಟ್, ಕೆಲಸಗಳ ಪಟ್ಟಿ ಇಡುವ ಸಾಫ್ಟ್‌ವೇರ್. ಯಾವುದಾದರೂ ಒಂದು. ಒತ್ತು ‘ಒಂದು’ ಅನ್ನುವುದರ ಮೇಲೆ. ಅರ್ಧ ಜಿರಾದಲ್ಲಿ, ಕಾಲು ಭಾಗ ಮೇಲ್‌ನಲ್ಲಿ, ಉಳಿದದ್ದು ವಾಟ್ಸಾಪ್ ಗ್ರೂಪ್‌ನಲ್ಲಿ ಇದ್ದರೆ ಚಿನ್ನದ ಟೂಲ್ ತಂದರೂ ಅಷ್ಟೇ. ಎರಡು ಊರಿನವರು ಒಂದೇ ಟೂಲ್‌ನ ಬೇರೆ ಬೇರೆ ಆವೃತ್ತಿ ಇಟ್ಟುಕೊಂಡರೂ ಕಷ್ಟವೇ. ಏರ್‌ಬಸ್ ಎ380 ವಿಮಾನದಲ್ಲಿ ಜರ್ಮನಿಯ ಹ್ಯಾಂಬರ್ಗ್‌ನವರು ಕ್ಯಾಟಿಯಾ ವಿನ್ಯಾಸ ಸಾಫ್ಟ್‌ವೇರ್‌ನ ನಾಲ್ಕನೇ ಆವೃತ್ತಿ, ಫ್ರಾನ್ಸಿನ ಟುಲೂಸ್‌ನವರು ಐದನೆಯದು ಬಳಸುತ್ತಿದ್ದರು. ಕೊನೆಗೆ ವೈರಿಂಗ್ ಜೋಡಿಸುವಾಗ ಹೊಂದಲಿಲ್ಲ, 2006ರಲ್ಲಿ ಡೆಲಿವರಿಯನ್ನು ಮತ್ತೆ ಮತ್ತೆ ಮುಂದೂಡಬೇಕಾಯಿತು.

ಮ್ಯಾನೇಜರ್ ರಿಸ್ಕ್ ರಿಜಿಸ್ಟರ್ ಎಕ್ಸೆಲ್ ಕೇಳ್ತಾರೆ. ಏನು ತುಂಬೋದು? ಪ್ರತಿ ಸಲ ‘ಕಮ್ಯುನಿಕೇಶನ್ ಗ್ಯಾಪ್, ಮೀಡಿಯಂ’ ಅಂತ ಹಾಕ್ತೀನಿ.

ಹಾಗೆ ಹಾಕುವುದೂ ಒಂದೇ, ಖಾಲಿ ಬಿಡುವುದೂ ಒಂದೇ. ‘ಕಮ್ಯುನಿಕೇಶನ್ ಗ್ಯಾಪ್’ ರಿಸ್ಕ್ ಅಲ್ಲ, ಹವಾಮಾನ. ರಿಸ್ಕ್ ಅಂದರೆ ಇಂಥ ಕಾರಣಕ್ಕೆ, ಇಂಥದ್ದು ತಪ್ಪಬಹುದು, ತಪ್ಪಿದರೆ ಇಷ್ಟು ಪೆಟ್ಟು ಅಂತ ಹೇಳಬೇಕು. ಹೀಗೆ: ‘ತೆರಿಗೆ ಲೆಕ್ಕ ಗೊತ್ತಿರುವವರು ಮ್ಯೂನಿಕ್‌ನಲ್ಲಿ ಒಬ್ಬರೇ, ಆಗಸ್ಟ್‌ನಲ್ಲಿ ಮೂರು ವಾರ ರಜೆ. ಅಷ್ಟರಲ್ಲಿ ವಿನಾಯಿತಿ ನಿಯಮಗಳು ಖಚಿತವಾಗದಿದ್ದರೆ ಬಿಲ್ಲಿಂಗ್ ಊಹೆಯ ಮೇಲೆ ನಡೆಯುತ್ತದೆ. ತಪ್ಪಿದರೆ ಸುಮಾರು 20 ದಿನದ ಕೆಲಸ ಮತ್ತೆ.’ ಇದನ್ನು ಓದಿದ ಮ್ಯಾನೇಜರ್‌ಗೆ ಏನು ಮಾಡಬೇಕು ಅಂತ ಹೇಳಿಕೊಡಬೇಕಾಗಿಲ್ಲ, ಜುಲೈನಲ್ಲೇ ಕಾಲ್ ಹಾಕುತ್ತಾರೆ.

ತೂಕ ಹಾಕಲು ಸಾಫ್ಟ್‌ವೇರ್ ಎಂಜಿನಿಯರಿಂಗ್ ತಜ್ಞ ಬ್ಯಾರಿ ಬೋಮ್ ಜನಪ್ರಿಯಗೊಳಿಸಿದ ಹಳೇ ಲೆಕ್ಕ ಸಾಕು: ಆಗುವ ಸಾಧ್ಯತೆಯನ್ನು ಆಗುವ ನಷ್ಟದಿಂದ ಗುಣಿಸಿ. ಸಾಧ್ಯತೆ 30 ಶೇಕಡ, ನಷ್ಟ 20 ದಿನ, ಅಂದರೆ 6 ದಿನದ ರಿಸ್ಕ್. ಎರಡು ದಿನದ ಕಾಲ್‌ನಲ್ಲಿ ಇದು ಬಗೆಹರಿಯುವುದಾದರೆ ಮಾಡಿಬಿಡಿ. ಅಂಕಿ ಅಂದಾಜೇ ಇರಲಿ. ಪಕ್ಕದಲ್ಲಿ ಒಬ್ಬರ ಹೆಸರು, ಒಂದು ತಾರೀಕು ಇರಲೇಬೇಕು. ‘ಟೀಮ್’ ಅನ್ನುವುದು ಹೆಸರಲ್ಲ.

## ಸ್ವಲ್ಪ ಮೇಲಿನ ಹಂತ

ಕ್ಲೈಂಟ್ ದಿನಾ ಬದಲಾಯಿಸ್ತಾರೆ. ಫಿಕ್ಸೆಡ್ ಪ್ರೈಸ್ ಕಾಂಟ್ರಾಕ್ಟ್ ಬೇರೆ. ಹೇಗೆ ತಡೆಯೋದು?

ತಡೆಯುವುದಕ್ಕೆ ಆಗುವುದಿಲ್ಲ, ತಡೆಯಲೂಬಾರದು. ಅವರ ವ್ಯಾಪಾರ ಬದಲಾದರೆ ಸಾಫ್ಟ್‌ವೇರ್ ಬದಲಾಗಬೇಕು. ಆದರೆ ‘ಬದಲಾವಣೆ’ ಅನ್ನುವ ಒಂದೇ ಹೆಸರಿನಲ್ಲಿ ಎರಡು ಬೇರೆ ವಿಷಯ ಬರುತ್ತವೆ. ಒಂದು, ನಿಜವಾಗಿ ಅವರ ಮನಸ್ಸು ಅಥವಾ ಮಾರುಕಟ್ಟೆ ಬದಲಾದದ್ದು. ಇನ್ನೊಂದು, ಮೊದಲೇ ಅವರ ತಲೆಯಲ್ಲಿದ್ದದ್ದು ನಮಗೆ ಈಗ ಗೊತ್ತಾದದ್ದು. ಎರಡನ್ನೂ ಬೇರೆ ಬೇರೆ ಗುರುತು ಹಾಕಿ ಎರಡು ತಿಂಗಳು ನೋಡಿ. ಎರಡನೇ ಗುಂಪೇ ದೊಡ್ಡದಿದ್ದರೆ ಕ್ಲೈಂಟ್‌ಗೆ ಬೈಯುವ ಮೊದಲು ನಾವು ಕೇಳುವ ರೀತಿ ನೋಡಿಕೊಳ್ಳಬೇಕು. ಫಿಕ್ಸೆಡ್ ಪ್ರೈಸ್ ಇದ್ದರೆ ಪ್ರತಿ ಬದಲಾವಣೆಗೂ ಒಂದೇ ಬಾಗಿಲು ಇರಲಿ, ಎರಡೂ ಕಡೆಯಿಂದ ಒಬ್ಬೊಬ್ಬರು, ವಾರಕ್ಕೆ ಒಂದು ಸಲ. ಡೆವಲಪರ್‌ಗೆ ನೇರ ಪಿಂಗ್ ಮಾಡಿ ‘ಚಿಕ್ಕದು, ಸುಮ್ನೆ ಹಾಕ್ಬಿಡು’ ಅನ್ನುವ ಹಿಂಬಾಗಿಲು ಮುಚ್ಚಿ.

ಬೆಂಗಳೂರು, ಪೋಲೆಂಡ್, ಟೆಕ್ಸಾಸ್, ಮೂರು ಕಡೆ ಟೀಮ್ ಇದೆ. ಕೆಲಸ ಹೇಗೆ ಹಂಚಿದ್ರೆ ರಿಸ್ಕ್ ಕಡಿಮೆ?

ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ 1968ರಲ್ಲೇ ಹೇಳಿದ್ದು, ಸಂಸ್ಥೆಯಲ್ಲಿ ಮಾತುಕತೆ ಹೇಗೆ ಹರಿಯುತ್ತದೋ ಅದು ಕಟ್ಟುವ ಸಿಸ್ಟಮ್‌ನ ಆಕಾರವೂ ಹಾಗೇ ಆಗುತ್ತದೆ ಅಂತ. ಸ್ಕ್ರೀನ್ ಬೆಂಗಳೂರಿನಲ್ಲಿ, ಡೇಟಾಬೇಸ್ ಪೋಲೆಂಡ್‌ನಲ್ಲಿ, ಟೆಸ್ಟಿಂಗ್ ಇನ್ನೊಂದು ಕಡೆ ಅಂತ ಹಂಚಿದರೆ ಪ್ರತಿ ರಿಕ್ವೈರ್‌ಮೆಂಟೂ ಮೂರು ಊರು ಸುತ್ತಬೇಕು. ಅದರ ಬದಲು ರೀಫಂಡ್ ಪೂರ್ತಿ ಒಂದು ಊರಿಗೆ, ಸ್ಟಾಕ್ ಪೂರ್ತಿ ಇನ್ನೊಂದು ಊರಿಗೆ ಕೊಡಿ, ಸ್ಕ್ರೀನಿನಿಂದ ಟೆಸ್ಟ್ ತನಕ. ಒಬ್ಬರಿಗೊಬ್ಬರು ಕೊಡುವ ಫೈಲು, ಎಪಿಐ (ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡುವ ದಾರಿ) ಮಾತ್ರ ಎರಡೂ ಊರಿನವರು ಸೇರಿ ಬರೆಯಲಿ. ಅದಕ್ಕೆ ಮೊದಲ ದಿನದಿಂದಲೇ ತಾನಾಗೇ ಓಡುವ ಟೆಸ್ಟ್ ಹಾಕಿ. ಕಾಗದದಲ್ಲಿ ನ್ಯೂಟನ್ ಅಂತ ಬರೆದದ್ದು ಫೈಲಿನಲ್ಲೂ ನ್ಯೂಟನ್ ಇದೆಯಾ ಅಂತ ರಾತ್ರಿ ರಾತ್ರಿ ಮಷೀನೇ ನೋಡಬೇಕು.

‘ಹಳೇ ಸಿಸ್ಟಮ್ ಹೇಗೆ ಮಾಡುತ್ತೋ ಹಾಗೇ ಮಾಡಿ’ ಅಂತ ಒಂದೇ ಲೈನ್ ರಿಕ್ವೈರ್‌ಮೆಂಟ್ ಬಂದಿದೆ. ಸುಲಭ ಅಲ್ವಾ?

ಇದಕ್ಕಿಂತ ಅಪಾಯದ ಸಾಲು ಇನ್ನೊಂದಿಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಸ್ಫೋಟಿಸಿತು, 40 ಸೆಕೆಂಡು ಕೂಡ ಸರಿಯಾಗಿ ಹಾರಲಿಲ್ಲ. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ಸಾಫ್ಟ್‌ವೇರನ್ನೇ ಹೊಸದರಲ್ಲೂ ಇಟ್ಟಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ. 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ಗೆ ತುರುಕುವಾಗ ಅದು ಹಿಡಿಸಲಿಲ್ಲ, ದಿಕ್ಕು ತಿಳಿಸುವ ಕಂಪ್ಯೂಟರ್ ಕೈಚೆಲ್ಲಿತು. ಆ ಲೆಕ್ಕ ಮಾಡುತ್ತಿದ್ದ ಭಾಗ ಮೇಲೆ ಹಾರಿದ ನಂತರ ಏರಿಯಾನ್ 5ಕ್ಕೆ ಬೇಕೇ ಇರಲಿಲ್ಲ! ಹೊಸ ರಾಕೆಟ್ಟಿನ ಹಾರುವ ದಾರಿಯ ಅಂಕಿಅಂಶಗಳನ್ನು ಆ ಉಪಕರಣದ ರಿಕ್ವೈರ್‌ಮೆಂಟ್‌ನಲ್ಲಿ ಸೇರಿಸುವುದು ಬೇಡ ಅಂತ ಯೋಜನೆಯ ಪಾಲುದಾರರು ಸೇರಿಯೇ ಒಪ್ಪಿಕೊಂಡಿದ್ದರು.

ಹಳೇ ಸಿಸ್ಟಮ್‌ನಲ್ಲಿ ಮೂರು ಇರುತ್ತದೆ: ಬೇಕಾದದ್ದು, ಯಾರಿಗೂ ಬೇಡದ್ದು, ಮತ್ತು ಬಗ್ ಆಗಿ ಹುಟ್ಟಿ ಈಗ ಎಲ್ಲರಿಗೂ ರೂಢಿಯಾದದ್ದು. ಮೂರನೆಯದನ್ನು ಕೇಳದೆ ಸರಿ ಮಾಡಿದರೂ ಬೈಗುಳ ತಿನ್ನುವುದು ನೀವೇ. ದಿನಾ ಅದನ್ನು ಬಳಸುವ ಇಬ್ಬರನ್ನು ಹಿಡಿದು, ಅವರ ಸ್ಕ್ರೀನ್ ಹಂಚಿಸಿಕೊಂಡು ಒಂದು ಗಂಟೆ ಸುಮ್ಮನೆ ನೋಡಿ. ಮ್ಯಾನೇಜರ್ ಹೇಳಿದ ಕಥೆಗೂ ಅದಕ್ಕೂ ಅಜಗಜಾಂತರ.

ನಿಜವಾದ ಡೇಟಾ ಕೊಟ್ರೆ ರಿಕ್ವೈರ್‌ಮೆಂಟ್ ಬೇಗ ಅರ್ಥ ಆಗುತ್ತೆ. ಯುರೋಪ್ ಕ್ಲೈಂಟ್ ಕೊಡಲ್ಲ ಅಂತಾರೆ. ಯಾಕೆ?

ಅಲ್ಲಿ ಜನರ ಖಾಸಗಿ ಮಾಹಿತಿ ಕಾಪಾಡುವ ಜಿಡಿಪಿಆರ್ ಕಾನೂನು 2018ರ ಮೇ 25ರಿಂದ ಜಾರಿಯಲ್ಲಿದೆ, ಜನರ ಮಾಹಿತಿಯನ್ನು ಹಾಗೆಲ್ಲ ಯುರೋಪಿಯನ್ ಒಕ್ಕೂಟದಿಂದ ಆಚೆ ಕಳಿಸುವಂತಿಲ್ಲ. ಅವರು ಹಟ ಮಾಡುತ್ತಿಲ್ಲ. ಹೆಸರು, ವಿಳಾಸ ಬದಲಿಸಿದ ಮಾದರಿ ಕೇಳಿ, ಆದರೆ ಕೊಳಕನ್ನು ಹಾಗೇ ಬಿಡಲು ಹೇಳಿ. ಖಾಲಿ ಕಾಲಂ, ಎರಡೆರಡು ಸಲ ಬಂದ ಗ್ರಾಹಕರು, ತಲೆಕೆಳಗಾದ ತಾರೀಕು, ರಿಕ್ವೈರ್‌ಮೆಂಟ್ ಅಡಗಿರುವುದು ಅದರಲ್ಲೇ. ತೊಳೆದು ಕೊಟ್ಟ ಡೇಟಾದಿಂದ ಏನೂ ಗೊತ್ತಾಗುವುದಿಲ್ಲ.

ಮೇಡಂ, ನಮ್ದು ಹುಬ್ಬಳ್ಳ್ಯಾಗ ಏಳ್ ಮಂದಿ ಕಂಪನಿ ಐತ್ರಿ. ಇಷ್ಟೆಲ್ಲಾ ಪ್ರೊಸೆಸ್ ನಮಗ್ಯಾಕ್ ಬೇಕ್ರಿ?

ಬೇಡ್ರಿ. ಮೂರೇ ಇಟ್ಟುಕೊಳ್ಳಿ. ಒಂದು ಪುಟದ ಪದಕೋಶ, ಪ್ರತಿ ಸ್ಟೋರಿಗೆ ಉದಾಹರಣೆಗಳು, ಉತ್ತರ ಬಾರದ ಪ್ರಶ್ನೆಗಳ ಪಟ್ಟಿ. ನಿಮ್ಮಲ್ಲಿ ಏಳೂ ಜನ ಒಂದೇ ಕೋಣೆಯಲ್ಲಿದ್ದೀರಿ, ಅದು ದೊಡ್ಡ ಕಂಪನಿಗಳಿಗೆ ಇಲ್ಲದ ಭಾಗ್ಯ.

ಈಗ ಎಐ ಮೀಟಿಂಗ್ ಕೇಳಿಸಿಕೊಂಡು ರಿಕ್ವೈರ್‌ಮೆಂಟ್ ಬರೆದುಕೊಡುತ್ತೆ. ಇನ್ನು ಅನಲಿಸ್ಟ್ ಕೆಲಸ ಏನು?

ಬಳಸುತ್ತೇನೆ, ಟಿಪ್ಪಣಿ ಮಾಡುವ ಸುಸ್ತು ತಪ್ಪಿದೆ. ಆದರೆ ಒಂದು ಗುಣ ನೋಡಿದ್ದೇನೆ. ಮೀಟಿಂಗ್‌ನಲ್ಲಿ ಒಬ್ಬರು ತೊದಲಿರುತ್ತಾರೆ, ‘ಮೇ ಬಿ’ ಅಂದಿರುತ್ತಾರೆ, ಇನ್ನೊಬ್ಬರು ಸುಮ್ಮನಿದ್ದುಬಿಟ್ಟಿರುತ್ತಾರೆ. ಸಾರಾಂಶದಲ್ಲಿ ಅದು ‘ತೀರ್ಮಾನಿಸಲಾಯಿತು’ ಅಂತ ಇಸ್ತ್ರಿ ಹಾಕಿದ ಹಾಗೆ ಬಂದಿರುತ್ತದೆ. ನನಗೆ ಬೇಕಾದದ್ದು ಆ ತೊದಲಿದ ಜಾಗವೇ. ಹಾಗಾಗಿ ಸಾರಾಂಶದ ಜೊತೆ ‘ಯಾವುದು ತೀರ್ಮಾನ ಆಗಲಿಲ್ಲ, ಯಾರು ಉತ್ತರ ಕೊಡಲಿಲ್ಲ’ ಅಂತ ಬೇರೆಯಾಗಿ ಕೇಳಿ ತೆಗೆಸುತ್ತೇನೆ, ಆಮೇಲೆ ನಾನೇ ರೆಕಾರ್ಡಿಂಗ್‌ನ ಆ ಎರಡು ನಿಮಿಷ ಕೇಳುತ್ತೇನೆ.

ರಿಸ್ಕ್ ಕಡಿಮೆ ಆಗ್ತಿದೆಯೋ ಇಲ್ವೋ ಅಂತ ಡೆಮೊಗೆ ಮುಂಚೆ ಹೇಗೆ ಗೊತ್ತಾಗುತ್ತೆ?

ಎರಡು ನೋಡುತ್ತೇನೆ. ಮೊದಲನೆಯದು, ಉತ್ತರ ಬಾರದ ಪ್ರಶ್ನೆಗಳ ವಯಸ್ಸು. ಎಷ್ಟು ಪ್ರಶ್ನೆ ಇವೆ ಅನ್ನುವುದು ದೊಡ್ಡದಲ್ಲ, ಅತಿ ಹಳೆಯದು ಎಷ್ಟು ದಿನದ್ದು ಅನ್ನುವುದು ದೊಡ್ಡದು. ಐದು ದಿನ ದಾಟಿದರೆ ಮೇಲ್ ಬಿಟ್ಟು ಫೋನ್ ಎತ್ತುತ್ತೇನೆ.

ಎರಡನೆಯದು, ಒಂದೂ ಪ್ರಶ್ನೆ ಬಾರದೆ ಸ್ಪ್ರಿಂಟ್ ಒಳಗೆ ಹೋದ ಸ್ಟೋರಿಗಳು. ಎಲ್ಲರೂ ಇಂಥವನ್ನು ನೋಡಿ ಖುಷಿಪಡುತ್ತಾರೆ, ನನಗೆ ಎದೆ ಢವಢವ. ಅಷ್ಟು ಸ್ಪಷ್ಟವಾಗಿ ನಾನು ಜನ್ಮದಲ್ಲಿ ಬರೆದಿಲ್ಲ. ಅಂಥದ್ದು ಕಂಡರೆ ಟೀಮ್‌ನ ಅತಿ ಕಿರಿಯರನ್ನು ಕರೆದು ‘ಇದನ್ನು ಒಡೆಯುವ ಹಾಗೆ ಒಂದು ಉದಾಹರಣೆ ಹೇಳು ನೋಡೋಣ’ ಅನ್ನುತ್ತೇನೆ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎರಡು ನಿಮಿಷ ಹಾಳೆ ನೋಡಿ, ತಗ್ಗಿದ ದನಿಯಲ್ಲಿ ‘ಮೇಡಂ, ಫೆಬ್ರವರಿ 29ಕ್ಕೆ ಪಾಲಿಸಿ ತಗೊಂಡವರಿಗೆ ಮುಂದಿನ ವರ್ಷ ಯಾವತ್ತು ರಿನ್ಯೂವಲ್?’ ಅಂದಳು. ಅದು ಈಗ ಕ್ಲೈಂಟ್‌ನ ಲೀಗಲ್‌ನವರ ಹತ್ತಿರ ಇದೆ, ಮೂರನೇ ದಿನ.